ಕೆಂಪು ಬೆಳಕಿಗೆ ಪೂರ್ಣ ಅಂಕ

ಷಡ್ಡಕನಿಗೆ ‘ಸಾರ್’ ಅನ್ನುವುದಕ್ಕಿಂತ ಜೈಲಿಗೆ ಹೋಗುವುದು ವಾಸಿ ಎಂದು ಅವನು ಅಂದುಕೊಂಡದ್ದು ಸಿಟ್ಟಿನಲ್ಲಿ. ಸಿಟ್ಟು ಇಳಿದ ಮೇಲೆ ಕೂತು ಯೋಚಿಸಿದಾಗ ಎರಡೂ ಬೇಡವೆನಿಸಿತು. ಹಾಗಾಗಿಯೇ ಅಪರಾಧಕ್ಕೆ ಅಷ್ಟೊಂದು ತಯಾರಿ ಬೇಕಾಯಿತು.

ಷಡ್ಡಕ ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಚಿಕ್ಕವನು, ಸದಾ ನಗುಮುಖ. ಆ ನಗು ನೋಡಿದರೇ ಇವನಿಗೆ ಮೈ ಉರಿಯುತ್ತಿತ್ತು. ಅವನನ್ನು ಈ ಕಂಪನಿಗೆ ಕೈಹಿಡಿದು ಕರೆತಂದು, ಮ್ಯಾನೇಜರ ಮುಂದೆ ‘ನಮ್ಮ ಹುಡುಗ ಸಾರ್’ ಎಂದು ಹಲ್ಲು ಗಿಂಜಿ ಸೇರಿಸಿದವನೂ ಇವನೇ. ಈಗ ಮೇಲ್ವಿಚಾರಕನ ಕುರ್ಚಿ ಖಾಲಿಯಾಗಿತ್ತು. ಒಂದೇ ಕುರ್ಚಿ. ಅದಕ್ಕೊಂದು ಬಡ್ತಿ ಪರೀಕ್ಷೆ. ಖರೀದಿ ವಿಭಾಗದಿಂದ ಇವನು ಹೆಸರು ಕೊಟ್ಟ, ಲೆಕ್ಕದ ವಿಭಾಗದಿಂದ ಷಡ್ಡಕನೂ ಕೊಟ್ಟ.

“ನನ್ನ ತಂಗಿ ಗಂಡ ನಿಮಗೆ ಸಾಹೇಬನಾಗಿ ಕೂತ್ರೆ, ನಾನು ಅಪ್ಪನ ಮನೇಲಿ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರ್ಲಿ?” ಎಂದು ಹೆಂಡತಿ ಕೇಳಿದಳು. ಅವಳು ಕೇಳದಿದ್ದರೂ ಅವನಿಗೆ ಗೊತ್ತಿತ್ತು. ಮಾವನ ಮನೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಈಗಾಗಲೇ ಷಡ್ಡಕನದಾಗಿತ್ತು. ಆಫೀಸಿನದೂ ಹೋದರೆ ಇವನಿಗೆ ಉಳಿಯುವುದು ಬಾಗಿಲ ಪಕ್ಕದ ಸ್ಟೂಲು.

ಓದಿ ಪಾಸಾಗಬಹುದಿತ್ತು. ಆ ದಾರಿಯನ್ನೂ ಅವನು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದ. ಪುಸ್ತಕ ತೆರೆದರೆ ನಿದ್ದೆ, ಮುಚ್ಚಿದರೆ ಷಡ್ಡಕನ ನಗು.

ಅಷ್ಟರಲ್ಲಿ ಪ್ರಧಾನ ಕಚೇರಿಯಿಂದ ಪ್ರಶ್ನೆಪತ್ರಿಕೆ ಬಂತು. ಮ್ಯಾನೇಜರು ಅದನ್ನು ಚೀಲದಲ್ಲಿ ತಾವೇ ಒಯ್ದು ದಾಖಲೆ ಕೋಣೆಯ ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದರು. ಅವನಿಗೆ ಒಳಗೊಳಗೇ ನಗು ಬಂತು. ಆ ಬೀರುಗಳನ್ನೆಲ್ಲ ಕಂಪನಿಗೆ ಕೊಂಡವನು ಅವನು. ಒಂದರ ಬೀಗದ ಕೈ ಇನ್ನೊಂದಕ್ಕೆ ಸಲೀಸಾಗಿ ಆಗುತ್ತದೆಂಬುದನ್ನು ಕೊಂಡ ವಾರದಲ್ಲೇ ಕಂಡುಕೊಂಡಿದ್ದ. ವಿಷಯ ಹೊರಗೆ ಬಂದರೆ ಕೊಂಡವನ ಮರ್ಯಾದೆ ಹೋಗುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದ. ತನ್ನ ಮೇಜಿನ ಪಕ್ಕದ ಬೀರುವಿನ ಬೀಗದ ಕೈ ಸಾಕಾಗಿತ್ತು. ಆದರೆ ಖರೀದಿ ವಿಭಾಗದವನಿಗೆ ದಾಖಲೆ ಕೋಣೆಯಲ್ಲಿ ಏನು ಕೆಲಸ? ಹೊರಗೆ ಜವಾನ ಬೇರೆ ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ.

ಕೆಲಸವನ್ನು ಮ್ಯಾನೇಜರೇ ತಂದು ಮೇಜಿನ ಮೇಲಿಟ್ಟರು. ಅದೊಂದು ಟಾರ್ಚು.

“ಕಾವಲಿನವರು, ರಿಪೇರಿಯವರು, ಎಲ್ಲರಿಗೂ ಇದನ್ನೇ ಕೊಡಿಸೋಣ ಅಂತಿದೀನಿ. ಚಾರ್ಜ್ ಮಾಡ್ಕೊಳೋ ಥರದ್ದು. ನೀವು ಜೇಬಲ್ಲಿ ಇಟ್ಕೊಂಡು ಓಡಾಡಿ, ದಿನಾ ಬಳಸಿ, ಹೇಗಿದೆ ನೋಡಿ ಹೇಳಿ.”

ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ ದಪ್ಪ. ಜೇಬಿಗೆ ಸಿಕ್ಕಿಸಲು ಕ್ಲಿಪ್ಪು. ಒಂದೇ ಗುಂಡಿ: ಒತ್ತಿದರೆ ಮಂದ, ಮತ್ತೆ ಒತ್ತಿದರೆ ಪ್ರಖರ, ಒತ್ತಿ ಹಿಡಿದರೆ ಕೆಂಪು. ಈ ಕೆಂಪು ಯಾತಕ್ಕೆ ಎಂದು ಅವನಿಗೆ ಮೊದಲು ತಿಳಿಯಲಿಲ್ಲ. ‘ಅನಗತ್ಯ ಶೋಕಿ’ ಎಂದು ಮನಸ್ಸಿನಲ್ಲೇ ಅಂಕ ಕಳೆದ.

ಏನೇ ಹೇಳಿ, ಅವನು ಕೆಲಸದಲ್ಲಿ ಕಳ್ಳನಲ್ಲ. ಟಾರ್ಚನ್ನು ಶ್ರದ್ಧೆಯಿಂದಲೇ ಪರೀಕ್ಷಿಸಿದ. ಬಸ್ಸಿನ ನೂಕಾಟದಲ್ಲಿ ಗುಂಡಿ ತಾನೇ ಒತ್ತಿಕೊಂಡು ತೊಡೆ ಬಿಸಿಯಾಯಿತು, ಅದು ದೋಷ. ನಲ್ಲಿಯ ಕೆಳಗೆ ಹಿಡಿದರೂ ಉರಿಯಿತು, ಅದು ಗುಣ. ಹೆಂಡತಿಯ ಓಲೆಯ ತಿರುಪು ಮಂಚದಡಿ ಉರುಳಿದಾಗ ಅವನೇ ಹೊಟ್ಟೆಯ ಮೇಲೆ ತೆವಳಿ ಹುಡುಕಿ ಕೊಟ್ಟ.

“ಅಬ್ಬಾ, ಮದುವೆ ಆದಾಗಿನಿಂದ ಮೊದಲ್ನೇ ಸಲ ಉಪಯೋಗಕ್ಕೆ ಬಂತು,” ಅಂದಳು ಅವಳು. ಹೇಳಿದ್ದು ಟಾರ್ಚಿಗಲ್ಲ.

ಮಂಚದಡಿಯ ಆ ಧೂಳಿನಲ್ಲೇ ಅವನಿಗೆ ಉಪಾಯ ಹೊಳೆದದ್ದು. ಟಾರ್ಚು ಪರೀಕ್ಷಿಸಲು ಕತ್ತಲೆ ಬೇಕು. ಕಚೇರಿಯಲ್ಲಿ ಹಗಲಲ್ಲೂ ಕತ್ತಲೆ ಇರುವ ಜಾಗ ಒಂದೇ ಒಂದು. ದಾಖಲೆ ಕೋಣೆಗೆ ಕಿಟಕಿಯೇ ಇರಲಿಲ್ಲ.

“ಒಳ್ಳೇದಾಯ್ತು, ಹೋಗಿ,” ಅಂದರು ಮ್ಯಾನೇಜರು. “ಇಷ್ಟು ಆಸಕ್ತಿ ವಹಿಸೋರು ಈಗೆಲ್ಲಿ ಸಿಗ್ತಾರೆ?”

ಉಳಿದದ್ದು ಜವಾನ. ಬಾಗಿಲ ಮೇಲ್ಭಾಗದಲ್ಲಿ ಗಾಜಿತ್ತು. ಒಳಗೆ ಬೆಳಕು ಬಿದ್ದರೆ ಹೊರಗಿನವನಿಗೆ ಎಲ್ಲವೂ ಕಾಣುತ್ತದೆ. ಬೆಳಕಿಲ್ಲದೆ ಇವನಿಗೇ ಏನೂ ಕಾಣುವುದಿಲ್ಲ. ಆಗ ಆ ಕೆಂಪು ನೆನಪಾಯಿತು. ಮನೆಯ ಬಚ್ಚಲಲ್ಲಿ ನಿಂತು ಪರೀಕ್ಷಿಸಿ ನೋಡಿದ. ಕೆಂಪು ಬೆಳಕು ಅಂಗೈಯಷ್ಟು ಜಾಗದಲ್ಲೇ ಮುದುಡಿ ಕೂರುತ್ತಿತ್ತು. ಬಾಗಿಲಾಚೆ ಸುಳಿವೇ ಇಲ್ಲ. ಕಳೆದ ಅಂಕವನ್ನು ಅವನು ಅಲ್ಲೇ ವಾಪಸು ಕೊಟ್ಟ. ನಿಯಮವನ್ನೂ ಆಗಲೇ ಮಾಡಿಕೊಂಡ: ಬೀರು ತೆರೆದಿರುವಾಗ ಕೆಂಪು ಮಾತ್ರ. ಬೀರು ಮುಚ್ಚಿ ಬೀಗ ಬಿದ್ದ ಮೇಲಷ್ಟೇ ಬಿಳಿ.

“ಮೊದಲು ಕಣ್ಣು ಕತ್ತಲೆಗೆ ಹೊಂದ್ಕೋಬೇಕು,” ಎಂದು ಜವಾನನಿಗೆ ಹೇಳಿದ. “ಅಲ್ಲೀತನಕ ಬಾಗಿಲು ತೆಗೀಬೇಡ, ದೀಪ ಹಾಕ್ಬೇಡ. ತೆಗೆದ್ರೆ ಪರೀಕ್ಷೆ ಕೆಟ್ಟುಹೋಗತ್ತೆ.”

ಜವಾನ ತಲೆಯಾಡಿಸಿದ. ಓದಿದವರು ಕತ್ತಲಲ್ಲಿ ಕೂರಲು ಇಂಥದ್ದೊಂದು ಕಾರಣ ಇರಬಹುದೆಂದು ಅವನಿಗೆ ಮೊದಲೇ ಅನುಮಾನವಿತ್ತು.

ಮೊದಲ ದಿನ ಅವನು ನೋಡಿದ್ದಷ್ಟೇ. ಬೀರು ಸದ್ದಿಲ್ಲದೆ ತೆರೆಯಿತು. ಒಳಗೆ ಬಟ್ಟೆಯ ಲಕೋಟೆ, ಬಾಯಿಯ ಉದ್ದಕ್ಕೂ ಒತ್ತಾದ ಹೊಲಿಗೆ. ಅರಗಿಲ್ಲ, ಮುದ್ರೆಯಿಲ್ಲ, ಬರೀ ದಪ್ಪನೆಯ ಕಪ್ಪು ದಾರ. ಅವಸರದವನಾಗಿದ್ದರೆ ಆಗಲೇ ಬಿಚ್ಚಿಬಿಡುತ್ತಿದ್ದ. ಅವನು ದಾರದ ದಪ್ಪವನ್ನು ಬೆರಳಲ್ಲಿ ಸವರಿ ನೋಡಿ, ಬೀರು ಮುಚ್ಚಿ, ಮನೆಗೆ ಹೋಗಿ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಅಷ್ಟೇ ದಪ್ಪದ ಕಪ್ಪು ದಾರವನ್ನೂ ಸೂಜಿಯನ್ನೂ ಎತ್ತಿಟ್ಟುಕೊಂಡ.

ಮರುದಿನ ಕೆಂಪು ಬೆಳಕಿನಲ್ಲಿ ಹೊಲಿಗೆ ಬಿಚ್ಚಿದ. ಕೈ ತೂರುವಷ್ಟು ಮಾತ್ರ, ಸುಮಾರು ಅರ್ಧ ಬಾಯಿ. ಬೇಕಾದ್ದಕ್ಕಿಂತ ಒಂದು ಹೊಲಿಗೆ ಹೆಚ್ಚು ಬಿಚ್ಚುವುದೂ ದಡ್ಡತನ. ಪ್ರಶ್ನೆಪತ್ರಿಕೆಯನ್ನು ಹೊರಗೆಳೆದು ಓದಿದ. ಫೋನಿನಲ್ಲಿ ಚಿತ್ರ ತೆಗೆಯಲಿಲ್ಲ. ಸಿಕ್ಕಿಬೀಳುವವರು ಹಾಗೆ ಮಾಡುತ್ತಾರೆ. ಉತ್ತರ ಒಂದೂ ತಲೆಗೆ ಹತ್ತದವನಿಗೆ ಪ್ರಶ್ನೆಗಳು ಮಾತ್ರ ಒಂದೇ ಓದಿಗೆ ಬಾಯಿಪಾಠವಾದವು. ಆಮೇಲೆ ಸೂಜಿ ಹಿಡಿದು ಹಳೆಯ ತೂತುಗಳಲ್ಲೇ ದಾರ ಹಾಯಿಸುತ್ತ ಹೊಲಿದ.

“ಸಾರ್, ಇದೀರಾ?” ಹೊರಗಿಂದ ಜವಾನನ ದನಿ. “ನಿದ್ದೆ ಗಿದ್ದೆ ಬಂತಾ?”

“ಕಣ್ಣು ಹೊಂದ್ಕೋತಿದೆ ಕಣಪ್ಪ.”

“ಇನ್ನೂನಾ? ನನಗಾಗಿದ್ರೆ ಇಷ್ಟೊತ್ತಿಗೆ ಬೆಕ್ಕಿನ ಕಣ್ಣು ಬಂದಿರೋದು ಸಾರ್!”

ಅವನು ಕೊನೆಯ ಗಂಟು ಹಾಕಿ, ದಾರ ಕಚ್ಚಿ ತುಂಡರಿಸಿ, ಟಾರ್ಚನ್ನು ಹತ್ತಿರ ಹಿಡಿದು ಹೊಲಿಗೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಯಾವುದು ಅವರದು, ಯಾವುದು ತನ್ನದು ಎಂದು ಅವನಿಗೇ ಗುರುತು ಹತ್ತಲಿಲ್ಲ. ಲಕೋಟೆ ಒಳಗಿಟ್ಟು, ಬೀಗ ತಿರುಗಿಸಿ, ಆಮೇಲಷ್ಟೇ ಬಿಳಿ ಬೆಳಕು ಹಾಕಿದ. ಗೋಡೆಗೆ, ಸೂರಿಗೆ, ಮೂಲೆಗೆ ಬಿಟ್ಟು ನೋಡಿ, ಜವಾನನನ್ನೂ ಕರೆದು ತೋರಿಸಿದ.

“ಭಾರಿ ಬೆಳಕು ಸಾರ್. ನಂಗೂ ಒಂದು ಕೊಡಿಸ್ತೀರಾ?”

“ನೋಡೋಣ,” ಅಂದ ಅವನು, ಆಗಲೇ ಮೇಲ್ವಿಚಾರಕನ ದನಿಯಲ್ಲಿ.

ಗೊತ್ತಿರುವ ಪ್ರಶ್ನೆಗಳಿಗೆ ಉತ್ತರ ಕಲಿಯುವುದು ಎಷ್ಟು ಸುಖ! ನಿದ್ದೆ ಬರಲೇ ಇಲ್ಲ. ಮ್ಯಾನೇಜರಿಗೆ ಟಾರ್ಚಿನ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿದ. “ದಿನಬಳಕೆಗೆ ಇದಕ್ಕಿಂತ ಬೇಕಿಲ್ಲ ಸಾರ್. ಆ ಕೆಂಪು ಬೆಳಕಿದೆಯಲ್ಲ, ಅದಕ್ಕೆ ನಾನು ಪೂರ್ಣ ಅಂಕ ಕೊಡ್ತೀನಿ.” ಮಾವನ ಮನೆಗೂ ಹೋಗಿಬಂದ. ಷಡ್ಡಕ ಫ್ಯಾನಿನ ಕೆಳಗಿಂದ ಎದ್ದು ಕುರ್ಚಿ ಬಿಟ್ಟುಕೊಟ್ಟ.

“ಭಾವ, ನಿಮಗೇ ಸಿಕ್ರೂ ನನಗೆ ಸಂತೋಷಾನೇ. ನೀವು ಹಿರಿಯರು,” ಅಂದ.

ಪಾಪ ಅನಿಸಿತು. ನಿಜವಾಗಿಯೂ ಅನಿಸಿತು. ಕುರ್ಚಿಯಲ್ಲಿ ಕೂತ ಮೇಲೂ ಸ್ವಲ್ಪ ಹೊತ್ತು ಹಾಗೇ ಅನಿಸುತ್ತಿತ್ತು.

ಪರೀಕ್ಷೆ ನಡೆದದ್ದು ಮೇಲಿನ ಮಹಡಿಯ ಹಾಲಿನಲ್ಲಿ. ಒಂದು ಪಕ್ಕ ಪೂರ್ತಿ ಕಿಟಕಿಗಳು, ಬೆಳಗಿನ ಬಿಸಿಲು ಮೇಜುಗಳ ಮೇಲೆಲ್ಲ ಬಿದ್ದಿತ್ತು. ಲಕೋಟೆ ತೆರೆಯುವ ಮೊದಲು ಅಭ್ಯರ್ಥಿಗಳಲ್ಲಿ ಇಬ್ಬರು ಬಂದು, ಹೊಲಿಗೆ ಹಾಗೇ ಇದೆಯೆಂದು ನೋಡಿ ಎಲ್ಲರೆದುರು ಹೇಳುವುದು ಕಂಪನಿಯ ಪದ್ಧತಿ. ಹಿರಿಯರೆಂದು ಮ್ಯಾನೇಜರು ಅವನನ್ನು ಕರೆದರು. ಜೊತೆಗೆ ಷಡ್ಡಕನನ್ನೂ. ಇವನು ಅಂಗಿ ಎಳೆದುಕೊಂಡು, ಎದೆಯುಬ್ಬಿಸಿ ಮುಂದೆ ಹೋದ. “ಎಲ್ಲ ಸರಿಯಾಗಿದೆ ಸಾರ್” ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಮ್ಯಾನೇಜರು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಲಕೋಟೆಯ ಹೊಲಿಗೆ ಅರ್ಧ ಕಪ್ಪಗಿತ್ತು, ಇನ್ನರ್ಧ ಹಚ್ಚ ಹಸಿರು. “ಇದೇನು ಭಾವ, ಎರಡು ಬಣ್ಣದ ದಾರ?” ಎಂದ ಷಡ್ಡಕ, ಏನೂ ಅರಿಯದೆ. ಮ್ಯಾನೇಜರು, “ನಾನು ಒಳಗಿಟ್ಟಾಗ ಪೂರ್ತಿ ಹಸಿರಿತ್ತಲ್ಲ,” ಎಂದು ಗೊಣಗಿ, ಜವಾನನನ್ನು ಕೂಗಿ ದಾಖಲೆ ಕೋಣೆಗೆ ಯಾರ್ಯಾರು ಹೋಗಿದ್ದರೆಂದು ಕೇಳಿದರು. ಇವನು ಮಾತ್ರ ಹೊಲಿಗೆಯಿಂದ ಕಣ್ಣು ಕೀಳದೆ ನಿಂತಿದ್ದ. ಟಾರ್ಚಿನ ತೂಕ, ಕ್ಲಿಪ್ಪು, ಬಿಸಿ, ನೀರು, ಚಾರ್ಜು ಎಲ್ಲವನ್ನೂ ನೋಡಿದವನು ಒಂದನ್ನು ನೋಡಿರಲಿಲ್ಲ: ಕೆಂಪು ಬೆಳಕಿನಲ್ಲಿ ಹಸಿರು ಕಪ್ಪಾಗಿ ಕಾಣುತ್ತದೆ. “ಟಾರ್ಚ್ ಸಾರ್ ಬಿಟ್ರೆ ಇನ್ಯಾರೂ ಹೋಗಿಲ್ಲ ಸಾರ್,” ಎಂದ ಜವಾನ, ಅವನ ಕಡೆ ನೋಡಿ ಪ್ರೀತಿಯಿಂದ ನಗುತ್ತ.