ಹದಿನೇಳನೇ ಮಂಚದ ಪೆಟ್ಟಿಗೆ

ಸೋಮವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದರ್ಜಿ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದಳು. ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು. ಕೈಯಲ್ಲಿ ಒಂದು ಮೊಬೈಲು, ಅದು ಅವಳದ್ದಲ್ಲ. ಮೊಬೈಲಿನ ಒಡೆಯ ಅವಳ ಬೆನ್ನಿಗೇ ಓಡಿಬಂದ. ಅವನ ಪ್ಯಾಂಟಿನ ಒಂದು ಕಾಲನ್ನು ಮಡಚಿ ಗುಂಡುಪಿನ್ನು ಚುಚ್ಚಲಾಗಿತ್ತು, ಇನ್ನೊಂದು ಕಾಲು ನೆಲ ಗುಡಿಸುತ್ತಿತ್ತು.

"ಮೇಡಂ, ಹಾಡಹಗಲೇ ನನ್ನ ಫೋನು ಕಿತ್ಕೊಂಡ್ಳು! ಮೊದಲು ನನ್ನ ಕಂಪ್ಲೇಂಟ್ ಬರ್ಕೊಳ್ಳಿ."

"ಮೊದಲು ಪ್ಯಾಂಟು ಸರಿಮಾಡ್ಕೊಳ್ಳಪ್ಪ, ಮುಗ್ಗರಿಸಿ ಬಿದ್ರೆ ಅದಕ್ಕೂ ನಾವೇ ಕೇಸು ಹಾಕ್ಬೇಕಾಗುತ್ತೆ" ಎಂದ ಹೆಡ್ ಕಾನ್‌ಸ್ಟೇಬಲ್. ಹದಿನೈದು ವರ್ಷ ಸೈನ್ಯದಲ್ಲಿದ್ದು ಆಮೇಲೆ ಪೊಲೀಸ್ ಸೇರಿದವನು. ತನ್ನ ಮುಖ ಕಾಣುವ ತನಕ ಬೂಟಿಗೆ ಪಾಲಿಶ್ ಉಜ್ಜುವುದನ್ನು ಬಿಡದ ಕಾರಣ ಠಾಣೆಯಲ್ಲಿ ಎಲ್ಲರಿಗೂ ಅವನು ಬೂಟಣ್ಣ.

ಇನ್‌ಸ್ಪೆಕ್ಟರ್ ಮೇಡಂ ನಗಲಿಲ್ಲ. ಆ ಹೆಂಗಸು ಮೊಬೈಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿರುವುದನ್ನು ಆಕೆ ಗಮನಿಸಿದ್ದಳು.

"ಕೂತ್ಕೊಳ್ಳಿ. ಏನಾಯ್ತು?"

"ಪ್ಯಾಂಟು ಗಿಡ್ಡ ಮಾಡಿಸೋಕೆ ಬಂದಿದ್ದ. ಅಳತೆ ತಗೊಳ್ತಿದ್ದೆ. ಫೋನು ನೋಡೋದು, ನನ್ನ ಎದೆ ನೋಡೋದು, ನಗೋದು. ಏನಯ್ಯಾ ಅಂತ ತಲೆ ಎತ್ತಿದ್ರೆ, ಫೋನಿನಲ್ಲಿ ನನ್ನ ಅಕ್ಷರ."

ಪರದೆಯ ಮೇಲೆ ಕಂದು ಕಂಬಳಿ. ಅದರ ಮೇಲೆ ಹರಡಿಟ್ಟ ಎರಡು ಪುಟದ ಕಾಗದ. ಕೆಳಗೆ ಯಾರೋ ಹಾಕಿದ ನಗುವ ಮುಖಗಳು ಸಾಲುಸಾಲು. ಮೇಡಂ ಮೊದಲ ಸಾಲಿಗೆ ಕಣ್ಣು ಹಾಯಿಸಿ ತಟ್ಟನೆ ಫೋನನ್ನು ಬೋರಲಾಗಿಟ್ಟಳು.

"ಇದು ನೀವು ಗಂಡನಿಗೆ ಬರೆದ ಕಾಗದ. ಸಾಕ್ಷ್ಯ ಆಗಿರೋದ್ರಿಂದ ನಾನು ಓದ್ಬೇಕಾಗುತ್ತೆ. ಓದ್ಲಾ?"

ದರ್ಜಿ ಹೆಂಗಸು ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟಳು.

"ಊರೆಲ್ಲಾ ಓದಾಯ್ತು. ಕೇಳಿ ಓದೋರು ನೀವೊಬ್ಬರೇ ನೋಡಿ. ಓದಿ."

ಮೂರು ತಿಂಗಳ ಹಿಂದೆ ಅವಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಎಡಗಡೆಯ ಸ್ತನವನ್ನು ಪೂರ್ತಿ ತೆಗೆದಿದ್ದರು. ಗಂಡ ಸಿಪಾಯಿ; ಬ್ಯಾರಕ್ಕು ಊರಂಚಿನಲ್ಲೇ ಇದ್ದರೂ ಗೇಟು ದಾಟಲು ರಜೆ ಸಿಕ್ಕಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವನಿಗೆ ಬರೆದಿದ್ದಳು: ಗಾಯ ಹೇಗಿದೆ, ರವಿಕೆಯೊಳಗೆ ತಾನೇ ಹತ್ತಿ ತುಂಬಿ ಹೊಲಿದುಕೊಂಡಿದ್ದು ಹೇಗೆ, ಬಂದಾಗ ಮೊದಲು ದೀಪ ಆರಿಸಿ ಕೈಯಿಂದ ಮುಟ್ಟಿ ನೋಡು, ಧೈರ್ಯ ಬಂದ ಮೇಲೆ ದೀಪ ಹಾಕು ಎಂದು. ಓದಿ ಮುಗಿಸಿ ಮೇಡಂ ಫೋನನ್ನು ಮತ್ತೆ ಬೋರಲಾಗಿಟ್ಟಳು.

"ನಿಮ್ಮ ಯಜಮಾನರು ಈಗ ಎಲ್ಲಿ?"

"ಸೈನ್ಯದ ಲಾಕಪ್ಪಿನಲ್ಲಿ. ನಿನ್ನೆ ಬೆಳಗ್ಗೆ ಚಹಾದ ಸಾಲಿನಲ್ಲಿ ಯಾರೋ ನನ್ನ ಕಾಗದದ ಮಾತನ್ನ ಹಾಡಿನ ಹಾಗೆ ಹೇಳಿದನಂತೆ. ಹಿಂದಿನ ದಿನ ಪೆಟ್ಟಿಗೆ ತಪಾಸಣೆ ಮಾಡಿದ್ದು ಲೆಫ್ಟಿನೆಂಟು. ಅವನದೇ ಕೆಲಸ ಅಂತ ಹೋಗಿ ಅವನ ದವಡೆಗೆ ಹೊಡೆದುಬಿಟ್ಟಿದಾರೆ. ಗುರುವಾರ ಹನ್ನೊಂದಕ್ಕೆ ವಿಚಾರಣೆ. ಕಾರಣ ಇಲ್ಲದೆ ಮೇಲಧಿಕಾರಿಗೆ ಹೊಡೆದ ಅಂತ ಬರೆದರೆ ಜೈಲು, ನೌಕರಿಯೂ ಹೋಗುತ್ತೆ. ಕಾಗದ ಯಾರೂ ಮುಟ್ಟೇ ಇಲ್ಲ ಅಂತಿದಾರಂತೆ ಅಲ್ಲಿ."

"ಇದನ್ನೆಲ್ಲ ನಿಮಗೆ ತಿಳಿಸಿದ್ದು ಯಾರು?"

"ಬ್ಯಾರಕ್ಕಿನ ಹವಾಲ್ದಾರ್ ಭಾವ. ನಮ್ಮವರು ಅವರನ್ನ ಅಣ್ಣ ಅಂತಾರೆ. ಆಪರೇಷನ್ನಿನ ದಿನ ನನ್ನ ಪಕ್ಕ ಇದ್ದಿದ್ದು ಅವರೊಬ್ಬರೇ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಅರ್ಧ ಗಿಡ್ಡವಾದ ಪ್ಯಾಂಟಿನವನು ಫೋನನ್ನು ಠಾಣೆಯಲ್ಲೇ ಬಿಟ್ಟು, ಹೇಳಿಕೆ ಕೊಟ್ಟು, ತಲೆತಗ್ಗಿಸಿ ಕುಂಟುತ್ತಾ ಹೋದ. ಫೋಟೋ ಅವನಿಗೆ ಬಂದಿದ್ದು ಬ್ಯಾರಕ್ಕಿನಲ್ಲಿರುವ ಚಿಕ್ಕಪ್ಪನ ಮಗನಿಂದ.

ಮಧ್ಯಾಹ್ನ ಮೂರಕ್ಕೆ ಮೇಡಂ ಮತ್ತು ಬೂಟಣ್ಣ ಕರ್ನಲ್ ಎದುರು ಕೂತಿದ್ದರು.

"ಇದು ನಮ್ಮ ಮನೆಯೊಳಗಿನ ವಿಷಯ" ಎಂದರು ಕರ್ನಲ್.

"ಕಾಗದ ಬರೆದವಳು ನಿಮ್ಮ ಸಿಪಾಯಿ ಅಲ್ಲ ಸಾರ್. ಪೇಟೆ ಬೀದಿಯ ದರ್ಜಿ. ಅವಳ ದೂರು ನನ್ನ ವ್ಯಾಪ್ತಿಯದು."

ಕರ್ನಲ್ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಅನುಮತಿ ಬರೆದುಕೊಟ್ಟರು.

ಲೆಫ್ಟಿನೆಂಟನ ದವಡೆ ಇನ್ನೂ ಊದಿಕೊಂಡಿತ್ತು. ಕಟ್ಟಿದ ದವಡೆಯಲ್ಲೇ ಅವನು ಉತ್ತರ ಕೊಟ್ಟ.

"ಶನಿವಾರ ಎಷ್ಟು ಗಂಟೆಗೆ ತಪಾಸಣೆ?"

"ಎರಡಕ್ಕೆ. ಮುನ್ಸೂಚನೆ ಇಲ್ಲದೆ. ಹಾಗಿದ್ದರೇ ಅದು ತಪಾಸಣೆ."

"ಆಗ ಸಿಪಾಯಿಗಳು ಎಲ್ಲಿದ್ದರು?"

"ಗುಂಡು ಹೊಡೆಯುವ ಅಭ್ಯಾಸಕ್ಕೆ. ಎಂಟು ಮೈಲಿ ದೂರದಲ್ಲಿ."

"ಬ್ಯಾರಕ್ಕಿನಲ್ಲಿ ಯಾರ್ಯಾರಿದ್ರಿ?"

"ನಾನು, ಗುಮಾಸ್ತ, ಹವಾಲ್ದಾರ್. ಮೂವರೇ."

ಗೋಡೆಯ ಮೇಲೆ, ಗಾಜು ಹಾಕಿದ ಚೌಕಟ್ಟಿನಲ್ಲಿ, ಆ ಬ್ಯಾರಕ್ಕಿನ ಸ್ಥಾಯಿ ಆದೇಶ ತೂಗುತ್ತಿತ್ತು. ಏಳನೆಯ ಕಲಮನ್ನು ಮೇಡಂ ಗಟ್ಟಿಯಾಗಿ ಓದಿದಳು: ಖಾಸಗಿ ಪೆಟ್ಟಿಗೆಯನ್ನು ಮಾಲೀಕನ ಎದುರಿನಲ್ಲಿ, ಅವನ ಸಹಿ ಪಡೆದೇ ತೆರೆಯತಕ್ಕದ್ದು. ಗಾಜನ್ನು ಯಾರೋ ದಿನಾ ಒರೆಸುತ್ತಿದ್ದರು. ಒಂದು ಚೂರೂ ಧೂಳಿರಲಿಲ್ಲ.

"ಸಹಿ ಇದೆಯಲ್ಲ" ಎಂದು ಗುಮಾಸ್ತ ರಿಜಿಸ್ಟರು ತಂದ. ಶನಿವಾರದ ಪುಟದಲ್ಲಿ ನಲವತ್ತು ಮಂಚ, ನಲವತ್ತು ಸಹಿ. ಎಂಟು ಮೈಲಿ ದೂರದಲ್ಲಿದ್ದವರ ಸಹಿ!

ಬೂಟಣ್ಣ ಪುಟ ತಿರುವಿದ. ಮುಂದಿನ ಪುಟ ಇನ್ನೂ ಬಾರದ ತಪಾಸಣೆಯದು. ತಾರೀಖು ಖಾಲಿ, ವಿವರ ಖಾಲಿ. ಸಹಿ ಮಾತ್ರ ನಲವತ್ತೂ ಭರ್ತಿ. ಅದರ ಮುಂದಿನ ಪುಟವೂ ಹಾಗೆಯೇ.

"ತಿಂಗಳ ಒಂದನೇ ತಾರೀಖು ಒಟ್ಟಿಗೆ ಹಾಕಿಸ್ಕೊಳ್ತೀವಿ ಮೇಡಂ" ಎಂದ ಗುಮಾಸ್ತ. ಪಡಿತರದ ಪದ್ಧತಿ ವಿವರಿಸಿದಷ್ಟೇ ನಿರಾಳವಾಗಿ. "ಸಲೀಸು ಆಗುತ್ತೆ."

ಮೇಡಂ ಇಪ್ಪತ್ತು ವರ್ಷದಲ್ಲಿ ಖೊಟ್ಟಿ ಸಹಿಗಳನ್ನು ಬೇಕಾದಷ್ಟು ಕಂಡಿದ್ದಳು. ಇವು ಅಸಲಿ ಸಹಿಗಳು. ನಲವತ್ತು ಗಂಡಾಳುಗಳು ತಮ್ಮ ಬದುಕನ್ನು ಬೆನ್ನ ಹಿಂದೆ ಜಾಲಾಡಲು ತಾವೇ ಮುಂಗಡ ಒಪ್ಪಿಗೆ ಬರೆದುಕೊಟ್ಟಿದ್ದರು. ಆಕೆ ಕಕ್ಕಾಬಿಕ್ಕಿಯಾದಳು.

"ಸಿಪಾಯಿಗೆ ಯಾವ ಖಾಸಗಿ ಮೇಡಂ?" ಎಂದ ಲೆಫ್ಟಿನೆಂಟ್. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಅವನ ಮೈಯೇ ಸರ್ಕಾರದ್ದು."

"ಅವನ ಹೆಂಡತಿಯ ಮೈ?"

ಅವನ ಕೈ ಊದಿದ ದವಡೆಗೆ ಹೋಯಿತು.

ಪೆಟ್ಟಿಗೆ ಮುಟ್ಟಿದ್ದು ಯಾರೆಂದು ಕೇಳಿದಾಗ ಮೂವರೂ ಒಬ್ಬೊಬ್ಬರ ಮೇಲೆ ಜಾರಿಸಿದರು. ಲೆಫ್ಟಿನೆಂಟ್ ಮೊದಲ ಮೂರು ಪೆಟ್ಟಿಗೆ ನೋಡಿ ಜಗಲಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದನಂತೆ. ಗುಮಾಸ್ತ ಕೆಳಗೆ ಉಗ್ರಾಣದಲ್ಲಿ ಕಂಬಳಿ ಎಣಿಸುತ್ತಿದ್ದನಂತೆ. ಹವಾಲ್ದಾರ್ ತಾನು ಹತ್ತನೇ ಮಂಚದಾಚೆ ಹೋಗಲೇ ಇಲ್ಲ ಎಂದ. ಅಗಲ ಎದೆ, ನರೆತ ಮೀಸೆ, ನಿವೃತ್ತಿಗೆ ಎರಡು ವರ್ಷ ಉಳಿದವನು. ಮಾತು ಮುಗಿಸಿ ಮೇಡಂ ಕಡೆ ಬಾಗಿ ಮೆಲ್ಲಗೆ ಕೇಳಿದ: "ಆ ಹುಡುಗಿ ಊಟ ಮಾಡಿದಾಳಾ ಮೇಡಂ? ದುಃಖ ಬಂದ್ರೆ ಉಪವಾಸ ಕೂತುಬಿಡ್ತಾಳೆ."

ಇಂಥ ಜಾಗದಲ್ಲಿ ಮನುಷ್ಯನೊಬ್ಬ ಸಿಕ್ಕನಲ್ಲ ಎಂದು ಮೇಡಂಗೆ ಅನಿಸಿತು.

ಮಂಗಳವಾರ ಫೋಟೋದ ಜಾಡು ಹಿಡಿದು ಹೋದರೆ ಅದು ಅಡುಗೆಯವನ ಫೋನಿಗೆ ಹೋಗಿ ನಿಂತಿತು. ತೆಗೆದದ್ದು ಶನಿವಾರ ಎರಡು ಗಂಟೆ ನಲವತ್ತು ನಿಮಿಷಕ್ಕೆ. ಸಿಪಾಯಿಗಳ ಗುಂಪಿಗೆ ಹಾಕಿದ್ದು ಭಾನುವಾರ ಬೆಳಗ್ಗೆ ಆರು ಹತ್ತಕ್ಕೆ. ಅಡುಗೆಯವನು ಹೌಹಾರಿ ಹೋದ.

"ನನ್ನ ಫೋನು ಊಟದ ಮನೆಯ ಕಿಟಕೀಲೇ ಚಾರ್ಜಿಗಿರುತ್ತೆ ಮೇಡಂ. ಬೀಗ ಗೀಗ ಹಾಕಲ್ಲ. ಕ್ರಿಕೆಟ್ ಸ್ಕೋರಿಗೆ ಬೇಕಾದ್ರೂ ಯಾರಾದ್ರೂ ಎತ್ಕೋತಾರೆ. ಶನಿವಾರ ಎರಡೂವರೆಗೆ ನಾನು ಮೈದಾನದಲ್ಲಿ ನಲವತ್ತು ಜನಕ್ಕೆ ಅನ್ನ ಬಡಿಸ್ತಿದ್ದೆ. ನಲವತ್ತು ಜನಾನೂ ಕೇಳಿ, ಅನ್ನ ಅರೆಬೆಂದಿತ್ತು ಅಂತ ಬೈದದ್ದು ಅವರಿಗೆ ನೆನಪಿರುತ್ತೆ."

ನೆನಪಿತ್ತು. ಹಾಗಾಗಿ ಉಳಿದವರು ಆ ಮೂವರೇ.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರು ಪಂಚರ ಸಮಕ್ಷಮದಲ್ಲಿ, ಕಾವಲಿನೊಂದಿಗೆ ಕರೆತಂದ ಸಿಪಾಯಿಯ ಎದುರಿನಲ್ಲೇ, ಹದಿನೇಳನೇ ಮಂಚದ ಪೆಟ್ಟಿಗೆ ತೆರೆದು ಪಂಚನಾಮೆ ಶುರುವಾಯಿತು. ಮುಚ್ಚಳ ಎತ್ತಿದ್ದೇ ಸಿಪಾಯಿ ಬೆಪ್ಪಾಗಿ ನಿಂತ.

"ಇದು ನನ್ನ ಪೆಟ್ಟಿಗೆನಾ?"

"ಯಾಕೆ?"

"ನನ್ನದು ಕಾಗೆಗೂಡು ಮೇಡಂ. ಹೊರಗಿನ ಕಪಾಟು ಸರ್ಕಾರದ್ದು, ಅದನ್ನ ಅಚ್ಚುಕಟ್ಟಾಗಿ ಇಡ್ತೀನಿ. ಇದೊಂದು ನಂದು ಅಂತ ಬೇಕೂಂತಲೇ ಗುಡ್ಡೆ ಹಾಕಿರ್ತೀನಿ. ಶನಿವಾರ ರಾತ್ರಿ ಮೈದಾನದಲ್ಲೇ ಮಲಗಿ ಬೆಳಗ್ಗೆ ಬಂದ್ವಿ. ಭಾನುವಾರ ಇದನ್ನ ತೆಗೆಯೋಕೂ ಬಿಡಲಿಲ್ಲ, ಎಳ್ಕೊಂಡು ಹೋದರು. ಇದು ಯಾರೋ ಜೋಡಿಸಿದ್ದು."

ಒಳಗೆ ಎಲ್ಲವೂ ನೂಲು ಹಿಡಿದಂತೆ ಸಾಲಾಗಿದ್ದವು. ಎಡಕ್ಕೆ ಸೋಪಿನ ಡಬ್ಬಿ, ಅದರ ಬಲಕ್ಕೆ ರೇಜರು, ನಡುವೆ ಉಂಡೆ ಸುತ್ತಿದ ಕಾಲುಚೀಲ, ಕೊನೆಗೆ ಬೂಟಿನ ಬ್ರಷ್ಷು ಅಂಗಾತ, ಕೂದಲು ಮೇಲಕ್ಕೆ. ತಳದಲ್ಲಿ, ಬಟ್ಟೆಯಡಿ, ಕಾಗದ. ಬೂಟಣ್ಣ ಬರೆಯುತ್ತಿದ್ದವನು ನಿಲ್ಲಿಸಿದ. ಬಗ್ಗಿ ಬ್ರಷ್ಷನ್ನೇ ನೋಡಿದ.

"ಏನ್ರೀ?"

"ಮೇಡಂ, ಹೊರಗೆ ಬನ್ನಿ." ಜಗಲಿಗೆ ಬಂದು ಅವನು ದನಿ ತಗ್ಗಿಸಿದ. "ಬ್ರಷ್ಷಿನ ಕೂದಲು ಮೇಲಕ್ಕಿರಬೇಕು ಅನ್ನೋದು ನಮ್ಮ ಕಾಲದ ನಿಯಮ. ಸೋಪು ಎಡಕ್ಕೆ, ಬ್ರಷ್ಷು ಅಂಗಾತ. ತಪ್ಪಿದರೆ ಮಂಡಿಯ ಮೇಲೆ ಮೈದಾನ ಸುತ್ತಬೇಕಿತ್ತು. ಹನ್ನೆರಡು ವರ್ಷದ ಹಿಂದೆ ಬದಲಾಯಿಸಿದರು, ಧೂಳು ಕೂರುತ್ತೆ ಅಂತ. ಈಗಿನವರೆಲ್ಲ ಕೂದಲು ಕೆಳಕ್ಕೆ ಇಡ್ತಾರೆ. ಈ ಲೆಫ್ಟಿನೆಂಟ್ ಆಗ ಸ್ಕೂಲಿಗೆ ಹೋಗ್ತಿದ್ದ. ಗುಮಾಸ್ತ ಸೇರಿ ಆರು ವರ್ಷ. ನಾನು ಕಲಿತಿದ್ದನ್ನ ಈ ಬ್ಯಾರಕ್ಕಿನಲ್ಲಿ ಇನ್ನೊಬ್ಬನೇ ಕಲಿತಿರೋದು."

ಆ ಇನ್ನೊಬ್ಬ ಯಾರೆಂದು ಮೇಡಂಗೆ ಹೊಳೆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಆ ಹೆಂಗಸಿನ ಪಕ್ಕ ಕೂತಿದ್ದ ಅಗಲ ಎದೆಯ ಮನುಷ್ಯ ಕಣ್ಣ ಮುಂದೆ ಬಂದ. ಆಕೆ ಒಳಗೆ ಹೋಗಿ ಸೋಪಿನ ಡಬ್ಬಿಯನ್ನು ಬಟ್ಟೆಯಲ್ಲಿ ಎತ್ತಿ ಬೆರಳಚ್ಚಿನ ಪರೀಕ್ಷೆಗೆ ಕಟ್ಟಿಸಿದಳು.

ಬುಧವಾರ ಬೆಳಗ್ಗೆ ಹನ್ನೊಂದೂವರೆ. ಖಾಲಿ ಕೋಣೆಯಲ್ಲಿ ಒಂದು ಮೇಜು, ಒಂದು ಖಾಲಿ ಪೆಟ್ಟಿಗೆ, ಪಕ್ಕದಲ್ಲಿ ಅಂಗಡಿಯಿಂದ ತಂದ ಹೊಸ ಸೋಪಿನ ಡಬ್ಬಿ, ರೇಜರು, ಕಾಲುಚೀಲ, ಬ್ರಷ್ಷು. ಮೂವರನ್ನೂ ಒಬ್ಬೊಬ್ಬರಾಗಿ ಕರೆದು, ಪಂಚರ ಮುಂದೆ ಮೇಡಂ ಒಂದೇ ಮಾತು ಹೇಳಿದಳು: "ಇವನ್ನು ಪೆಟ್ಟಿಗೆಗೆ ಹಾಕಿ. ಒಂದು ನಿಮಿಷ."

ಗುಮಾಸ್ತ ಎಲ್ಲವನ್ನೂ ಒಟ್ಟಿಗೆ ಸುರುವಿ ಮುಚ್ಚಳ ಹಾಕಿದ. ಲೆಫ್ಟಿನೆಂಟ್ ಗೊಣಗುತ್ತಾ ಸಾಲಾಗಿಟ್ಟ; ಬ್ರಷ್ಷಿನ ಕೂದಲು ಕೆಳಕ್ಕೆ.

ಹವಾಲ್ದಾರ್ ಬಂದು ಮೇಡಂಗೆ ಸಲ್ಯೂಟ್ ಹೊಡೆದ. ಬೂಟಣ್ಣನನ್ನು ನೋಡಿ, "ಏನಪ್ಪಾ, ನಮ್ಮನ್ನ ಮತ್ತೆ ತರಬೇತಿಗೆ ಹಾಕಿದ್ರಾ?" ಎಂದು ನಕ್ಕ. ನಗುತ್ತಲೇ ಅವನ ಕೈಗಳು ಕೆಲಸ ಶುರುಮಾಡಿದವು. ಸೋಪಿನ ಡಬ್ಬಿ ಎಡಕ್ಕೆ. ರೇಜರು. ಕಾಲುಚೀಲ ಉಂಡೆಯಾಗಿ ಅದರ ಜಾಗಕ್ಕೆ ಹೋಯಿತು. ಬ್ರಷ್ಷು ಎತ್ತಿಕೊಂಡಿದ್ದೇ ಅಂಗಾತ ಮಲಗಿಸಿದ. ಹನ್ನೆರಡು ವರ್ಷದಿಂದ ಹುಡುಗರಿಗೆ ಬಾಯಲ್ಲಿ ಹೊಸ ನಿಯಮ ಕಲಿಸಿದವನು. ಕೈಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಹವಾಲ್ದಾರ್ ಬೂಟಣ್ಣನ ಮುಖ ನೋಡಿದ. ಆಮೇಲೆ ಬ್ರಷ್ಷು ನೋಡಿದ. ಅದನ್ನು ತಿರುಗಿಸಿಡಲು ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದ.

"ಹದಿನೇಳನೇ ಪೆಟ್ಟಿಗೆಯಲ್ಲೂ ಹೀಗೇ ಇತ್ತು" ಎಂದಳು ಮೇಡಂ. "ಆ ಸೋಪಿನ ಡಬ್ಬಿಯ ಬೆರಳಚ್ಚು ಪರೀಕ್ಷೆಗೆ ಹೋಗಿದೆ. ಈ ಹೊಸ ಡಬ್ಬಿಯೂ ಈಗ ಹೋಗುತ್ತೆ. ಹತ್ತನೇ ಮಂಚದಾಚೆ ಹೋಗಲಿಲ್ಲ ಅಂದಿರಿ."

"ಹೋಗಿದ್ದೆ."

"ಫೋಟೋ ತೆಗೆದದ್ದು?"

"ನಾನೇ. ಕಿಟಕೀಲಿದ್ದ ಫೋನು ಎತ್ಕೊಂಡೆ. ಭಾನುವಾರ ಗುಂಪಿಗೆ ಹಾಕಿದ್ದೂ ನಾನೇ."

ಬೂಟಣ್ಣ ಹಲ್ಲು ಕಚ್ಚಿದ. "ಅವಳು ನಿಮ್ಮನ್ನ ಭಾವ ಅಂತಾಳಲ್ರೀ! ಆಪರೇಷನ್ ಕಾಗದಕ್ಕೆ ನೀವೇ ಸಹಿ ಹಾಕಿದ್ರಂತೆ!"

"ಬ್ಯಾರಕ್ಕಿನಾಚೆ ಹೋಗುತ್ತೆ ಅಂದ್ಕೊಂಡಿರಲಿಲ್ಲ" ಎಂದ ಹವಾಲ್ದಾರ್. "ಒಂದು ದಿನ ನಗ್ತಾರೆ, ಹುಡುಗ ಗಟ್ಟಿಯಾಗ್ತಾನೆ ಅಂತ. ಎಲ್ಲರಿಗೂ ಆಗುತ್ತೆ ಇದು. ನನಗೂ ಆಗಿತ್ತು."

ಒಂದೂಕಾಲಿಗೆ ಬೆರಳಚ್ಚಿನ ವರದಿ ಬಂತು, ತಾಳೆಯಾಯಿತು. ಸುದ್ದಿ ತಿಳಿಸಲು ಹೋದ ಮಹಿಳಾ ಕಾನ್‌ಸ್ಟೇಬಲ್ ಫೋನಿನಲ್ಲಿ ಹೇಳಿದಳು: ದರ್ಜಿ ಹೆಂಗಸು ಅಳಲಿಲ್ಲ, ಬೈಯಲಿಲ್ಲ. "ಭಾವನಾ? ಭಾವನಾ?" ಎಂದು ಎರಡು ಸಲ ಕೇಳಿ ಹೊಲಿಗೆ ಯಂತ್ರದ ಮೇಲೆ ಕೈ ಊರಿ ಹಾಗೇ ಕೂತುಬಿಟ್ಟಳು.

ಎರಡು ಗಂಟೆಗೆ ಬಂಧನ. ಎರಡೂ ಹತ್ತಕ್ಕೆ ಬ್ಯಾರಕ್ಕಿನ ಮೂಲೆಯ ಅವನ ಕೋಣೆಯಲ್ಲಿ ಶೋಧನೆ. ಪಂಚರು ಬಾಗಿಲ ಬಳಿ ನಿಂತರು. ಮಂಚದ ಕೆಳಗಿನಿಂದ ಅವನ ಖಾಸಗಿ ಪೆಟ್ಟಿಗೆಯನ್ನು ಬೂಟಣ್ಣ ಎಳೆದ.

ಮೇಡಂ ಹವಾಲ್ದಾರನ ಕಡೆ ತಿರುಗಿದಳು. "ನೀವು ಎದುರಿಗೆ ಇದ್ದೀರಿ, ಪಂಚರಿದ್ದಾರೆ. ನಿಮ್ಮ ಪೆಟ್ಟಿಗೆ ತೆಗೀಬೇಕು. ತೆಗೀಲಾ?"

ತನ್ನನ್ನಲ್ಲ ಎಂಬಂತೆ ಅವನು ಪಂಚರ ಕಡೆ ತಿರುಗಿದ. ಆಕೆ ಮತ್ತೊಮ್ಮೆ ಕೇಳಿದಳು. ಬೇಡಿ ಹಾಕಿದ ಕೈಗಳನ್ನು ಅವನು ಎದೆಯವರೆಗೆ ಎತ್ತಿ, ಮತ್ತೆ ಇಳಿಸಿದ.

"ಇಪ್ಪತ್ತಾರು ವರ್ಷ" ಎಂದ ಅವನು. "ಇಪ್ಪತ್ತಾರು ವರ್ಷದಲ್ಲಿ ನನ್ನನ್ನ ಇದನ್ನ ಯಾರೂ ಕೇಳಿಲ್ಲ ಮೇಡಂ."

ಕತ್ತಿನ ದಾರದಲ್ಲಿದ್ದ ಬೀಗದ ಕೈಯನ್ನು ತಾನೇ ತೆಗೆಯಲಾರದೆ ಕುತ್ತಿಗೆ ಬಗ್ಗಿಸಿದ.

ಸೋಪಿನ ಡಬ್ಬಿ, ರೇಜರು, ಕಾಲುಚೀಲ, ಬ್ರಷ್ಷು. ಅದರಡಿ ಒಂದು ಜೊತೆ ಸಮವಸ್ತ್ರ. ಅದರಡಿ ತಗಡಿನ ತಳ. ಒಂದು ಫೋಟೋ ಇಲ್ಲ, ಒಂದು ಚೀಟಿ ಇಲ್ಲ, ಯಾವ ಮಗುವೂ ಗೀಚಿದ ಒಂದು ಚಿತ್ರವಿಲ್ಲ. ಸರ್ಕಾರ ಕೊಟ್ಟಿದ್ದು ಬಿಟ್ಟು ಒಂದು ದಾರದೆಳೆಯೂ ಇರಲಿಲ್ಲ.

"ಮನೆಯಿಂದ ಕಾಗದ ಬರಲ್ವಾ?" ಎಂದಳು ಮೇಡಂ.

"ಮೊದಲನೇ ವರ್ಷ ಅಮ್ಮನ ಕಾಗದ ಬಂದಿತ್ತು. ನಾನು ಇನ್ನೂ ನಿದ್ದೇಲಿ ಹಾಸಿಗೆ ಒದ್ದೆ ಮಾಡ್ಕೋತೀನಾ ಅಂತ ಕೇಳಿದ್ಲು. ತಪಾಸಣೆಯಲ್ಲಿ ತೆಗೆದು ಇಡೀ ಕಂಪನಿ ಮುಂದೆ ಓದಿದರು. ನಾನೂ ಎಲ್ಲರ ಜೊತೆ ನಕ್ಕೆ." ಅವನು ಖಾಲಿ ಪೆಟ್ಟಿಗೆಯನ್ನೇ ನೋಡುತ್ತಿದ್ದ. "ಬರೀಬೇಡ ಅಂತ ಹೇಳಿಕಳಿಸಿದೆ. ಅವಳು ಆಮೇಲೆ ಬರೀಲಿಲ್ಲ. ಈ ಹುಡುಗ ಇದಾನಲ್ಲ, ದಿನಾ ಸಂಜೆ ಕಿಟಕಿ ಹತ್ರ ಕೂತು ಅದೊಂದೇ ಕಾಗದ ಓದೋನು. ಓದುವಾಗ ಅವನ ಮುಖ ನೋಡಬೇಕಿತ್ತು ಮೇಡಂ. ಒಂದು ದಿನವೂ ತಪ್ಪಿಸ್ತಿರಲಿಲ್ಲ. ನನ್ನ ಕೈಲಿ ನೋಡೋಕಾಗ್ತಿರಲಿಲ್ಲ."

ಗುರುವಾರದ ವಿಚಾರಣೆಗೆ ಕಳಿಸಬೇಕಾದ ವರದಿಯನ್ನು ಮೇಡಂ ಅಲ್ಲೇ, ಆ ಮಂಚದ ಮೇಲೆ ಕೂತು ಬರೆದಳು. ಸಿಪಾಯಿ ಹೊಡೆದದ್ದು ಕಾರಣವಿಲ್ಲದೆ ಅಲ್ಲ. ಕಾರಣವಾದ ಕೃತ್ಯ ಹೀಗೆ, ಇಂಥವನಿಂದ. ಮುಂಗಡ ಸಹಿಗಳಿರುವ ರಿಜಿಸ್ಟರನ್ನು ಜಪ್ತಿ ಮಾಡಲಾಗಿದೆ. ಸಿಪಾಯಿಯ ನೌಕರಿ ಆ ಹಾಳೆಯ ಮೇಲೆ ನಿಂತಿತ್ತು. ಆಕೆ ಎರಡು ಸಲ ಓದಿ ಸಹಿ ಹಾಕಿದಳು. ತಾರೀಖು, ಗಂಟೆ, ನಿಮಿಷ ಮೂರನ್ನೂ ಸಹಿಗಿಂತ ಮೊದಲೇ ತುಂಬಿದ್ದಳು.

ಬೂಟಣ್ಣ ಪಂಚನಾಮೆಯ ಕೊನೆಯ ಕಲಮಿಗೆ ಬಂದು ತಲೆ ಎತ್ತಿದ.

"ಮೇಡಂ, ಖಾಸಗಿ ಕಾಗದಪತ್ರ ಅಂತ ಒಂದು ಕಲಮಿದೆ. ಏನು ಬರೀಲಿ?"

"ಇಲ್ಲ ಅಂತ ಬರೀರಿ."

ಅವನು ಬರೆದ. ಆಮೇಲೆ ಬಗ್ಗಿ, ಪೆಟ್ಟಿಗೆಯಲ್ಲಿ ಅಂಗಾತ ಬಿದ್ದಿದ್ದ ಬ್ರಷ್ಷನ್ನು ಮುಟ್ಟದೆ ಹಾಗೆಯೇ ಬಿಟ್ಟು ಮುಚ್ಚಳ ಮುಚ್ಚಿದ.