ರಶ್ಮಿ ಬಿಡಿಸಿದ ದಾಸವಾಳ

ಶಿವಮೊಗ್ಗದ ಕೋಟೆ ರಸ್ತೆಯ ನಮ್ಮ ಮನೆಯಲ್ಲಿ ಅಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಮಗಳು ಸ್ಫೂರ್ತಿ ಬಂದು ಕೆಂಪಾದ ಬೆರಳು ತೋರಿಸಿದಳು. ಹಜಾರದ ದಾಸವಾಳದ ಚಿತ್ರವನ್ನು ಮುಟ್ಟಿದ್ದಳಂತೆ.

ಅದನ್ನು ಬಿಡಿಸಿದ್ದು ನನ್ನ ನಾದಿನಿ ರಶ್ಮಿ, ಅವಳನ್ನು ನೋಡಲು ಭದ್ರಾವತಿಯಿಂದ ಗಂಡಿನವರು ಬಂದುಹೋದ ದಿನ. ಮದುವೆಯಾದ ವರ್ಷಕ್ಕೇ ತೀರಿಕೊಂಡಳು. ಹಜಾರಕ್ಕೆ ಹೋಗಿ ಮುಟ್ಟಿದರೆ ಒಂಬತ್ತು ವರ್ಷ ಹಳೆಯ ಬಣ್ಣ ಹಸಿಯಾಗಿತ್ತು. ಹಿಂದಿನ ಗೋಡೆ ರೊಟ್ಟಿಹಂಚಿನಂತೆ ಕಾದಿತ್ತು.

"ಎಷ್ಟು ಖುಷಿಯಿಂದ ಬಿಡಿಸಿದ್ಲು," ಎಂದರು ನಮ್ಮತ್ತೆ, ಎಂದಿನಂತೆ.

ನನ್ನ ತಾಳ್ಮೆ ಕೆಟ್ಟಿತು. "ಎಸಳೆಲ್ಲ ಉಗುರಲ್ಲಿ ಪರಚಿದ ಹಾಗಿದೆ. ಖುಷಿ ಎಲ್ಲಿ ಕಾಣ್ತು ನಿಮಗೆ?"

"ಹೂವಿಗೆಂಥಾ ಸಿಟ್ಟು, ಮಾರಾಯ್ತಿ!"

ರಶ್ಮಿ ಮದುವೆ ಬೇಡವೆಂದು ಅತ್ತಿದ್ದನ್ನು ಮಗಳಿಗೆ ನಾವ್ಯಾರೂ ಹೇಳಿರಲಿಲ್ಲ. ಚಿತ್ರವನ್ನೇ ನೋಡುತ್ತಿದ್ದವಳು ತಿರುಗಿ ಕೇಳಿಯೇಬಿಟ್ಟಳು:

"ಅಜ್ಜಿ, ರಶ್ಮಿ ಅತ್ತೆ ಬೇಡ ಅಂದ್ರೂ ಯಾಕೆ ಮದುವೆ ಮಾಡಿದ್ರಿ?"