ಮಸಿ ಹಿಡಿಯದ ಓಲೆ

ಬಹಳ ಹಿಂದೆ, ಕುಂದಾವತಿ ಎಂಬ ನಾಡಿನಲ್ಲಿ, ಜಕ್ಕಲೆ ಎಂಬ ಕತೆಗಾತಿ ಇದ್ದಳು. ದಿನವೂ ಸಂಜೆ ಅರಮನೆಯ ಮೂಡಲ ಬಾಗಿಲಲ್ಲಿ ಅವಳು ತನ್ನ ಕತೆ ಓದಬೇಕು, ಊರೆಲ್ಲ ಕೂತು ಕೇಳಬೇಕು. ಅದು ಆ ನಾಡಿನ ಪದ್ಧತಿ.

ಜಕ್ಕಲೆ ಬರೆಯುತ್ತಿದ್ದದ್ದು ತಾಳೆಗರಿಯ ಮೇಲೆ. ಗರಿಗಳನ್ನು ಅರಿಸಿನದ ನೀರಿನಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ನುಣ್ಣನೆಯ ಕಲ್ಲಿನಿಂದ ಉಜ್ಜಿ ಹದ ಮಾಡುವಳು. ಆಮೇಲೆ ಕಂಟವೆಂಬ ಚೂಪು ಕಬ್ಬಿಣದ ಕಡ್ಡಿಯಿಂದ ಅಕ್ಷರ ಕೊರೆಯುವಳು. ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಸವರಿ, ಬಟ್ಟೆಯಿಂದ ಒರೆಸಿದರೆ ಮಾತ್ರ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರ ಮೇಲೇಳುತ್ತದೆ. ಬೇರೆ ಬರಹಗಾರರು ಒಂದೊಂದು ಗರಿ ಮುಗಿದಾಗಲೂ ಮಸಿ ಸವರಿ ನೋಡಿಕೊಳ್ಳುತ್ತಿದ್ದರು. ಜಕ್ಕಲೆ ಕತೆ ಪೂರ್ತಿ ಮುಗಿಯುವವರೆಗೆ ಮಸಿ ಮುಟ್ಟುತ್ತಿರಲಿಲ್ಲ. ಬೆರಳ ತುದಿಯಿಂದ ಹಿಂದಿನ ಸಾಲು ತಡವಿಕೊಂಡು ಮುಂದಿನದನ್ನು ಬರೆಯುವಳು.

"ಕಣ್ಣಿಗೆ ಕಂಡ ಸಾಲು ಚೆಂದ ಕಾಣುತ್ತೆ ಬಾಚಕ್ಕ. ಚೆಂದ ಕಂಡರೆ ಅಳಿಸೋಕೆ ಮನಸ್ಸು ಬರಲ್ಲ" ಎನ್ನುವಳು.

"ನಿನಗೆ ನನ್ನ ಮಸಿಯ ಖರ್ಚು ಉಳಿಸೋ ಜಿಪುಣತನ, ಅಷ್ಟೆ" ಎನ್ನುವಳು ಬಾಚಕ್ಕ. ಅವಳು ಪಕ್ಕದ ಮನೆಯ ಮುದುಕಿ. ಊರಿನ ಬರಹಗಾರರಿಗೆಲ್ಲ ಮಸಿ ಮಾಡಿಕೊಡುವವಳು.

ಜಕ್ಕಲೆಗೆ ಒಬ್ಬಳು ಮಗಳಿದ್ದಳು. ಒಂದು ಚಳಿಗಾಲದಲ್ಲಿ ಜ್ವರ ಬಂದು ಮಗು ಹೋಯಿತು. ಅದೇ ಜ್ವರದಲ್ಲಿ ಅರಸ ಗುಣಧರನ ರಾಣಿಯೂ ಹೋದಳು. ಅರಸ ಅತ್ತ. ಅತ್ತು ಅತ್ತು ಸಾಕಾಗಿ, ಕರಿಗಲ್ಲ ಬೆಟ್ಟದಿಂದ ಕಾವಳಿಗ ಎಂಬ ಮಾಂತ್ರಿಕನನ್ನು ಕರೆಸಿದ. ಮಂಜನ್ನು ಸಾಕಿಕೊಂಡಿದ್ದವನು ಆ ಕಾವಳಿಗ.

"ನನ್ನ ನೋವು ತೆಗೆದುಬಿಡು" ಎಂದ ಅರಸ.

"ನಿಮ್ಮದೊಂದೇ ತೆಗೆದರೆ, ಪ್ರಭು, ಬೇರೆಯವರು ಅಳುವುದನ್ನು ನೋಡಿ ಮತ್ತೆ ನೆನಪಾಗುತ್ತದೆ. ತೆಗೆದರೆ ಊರಿಗೆ ಊರಿನದೇ ತೆಗೆಯಬೇಕು."

"ತೆಗೆ" ಎಂದ ಅರಸ.

ಮಾರನೆಯ ಬೆಳಗ್ಗೆ ಬೂದಿಬಣ್ಣದ ಮಂಜು ಇಳಿಯಿತು. ಅದನ್ನು ಉಸಿರಾಡಿದವರಿಗೆಲ್ಲ ತಮ್ಮ ಸತ್ತವರ ಮುಖ ಮರೆಯಿತು, ಹೆಸರು ಮರೆಯಿತು. ಅಳು ನಿಂತಿತು. ಅರಸ ಹೊಟ್ಟೆ ತುಂಬ ಉಂಡ, ಕಣ್ಣು ತುಂಬ ನಿದ್ದೆ ಮಾಡಿದ. ಜನ ಒಳ್ಳೆಯದೇ ಆಯಿತೆಂದುಕೊಂಡರು. ಆದರೆ ಮಂಜು ಚದುರಲಿಲ್ಲ.

"ನಾನು ಸಾರಿಗೆ ಉಪ್ಪು ಕಮ್ಮಿ ಹಾಕ್ತೀನಿ ಕಣೇ" ಎಂದಳು ಒಂದು ದಿನ ಬಾಚಕ್ಕ. "ನನಗೆ ಉಪ್ಪು ಜಾಸ್ತಿ ಇದ್ದರೇ ರುಚಿ. ಆದರೂ ಕೈ ತಡೆಯುತ್ತೆ. ಈ ಮನೆಯಲ್ಲಿ ಯಾರೋ ಉಪ್ಪು ಜಾಸ್ತಿ ಅಂತ ಬೈತಿದ್ದರು. ಯಾರು ಅಂತ ಗೊತ್ತಾಗ್ತಿಲ್ಲ."

ಜಕ್ಕಲೆಗೆ ಇನ್ನೂ ಕಷ್ಟವಾಯಿತು. ಅವಳ ಕತೆಯ ಅಜ್ಜಿಗೆ ಅವಳ ಸ್ವಂತ ಅಜ್ಜಿಯ ಗಲ್ಲ ಇರುತ್ತಿತ್ತು. ಕತೆಯ ರಾಕ್ಷಸ ಅವಳ ಸೋದರಮಾವನ ಹಾಗೆ ಮೀಸೆ ಹುರಿಮಾಡುತ್ತ ಸಿಟ್ಟಾಗುತ್ತಿದ್ದ. ಹೋದವರೆಲ್ಲ ಅವಳ ಗರಿಗಳಿಗೆ ಬಂದು, ಬೇರೆ ಹೆಸರಿಟ್ಟುಕೊಂಡು ಓಡಾಡುತ್ತಿದ್ದರು. ಈಗ ಯಾರೂ ಬರಲಿಲ್ಲ. ಅವಳು ಅರಸ ಎಂದು ಕೊರೆದಳು, ಬೇಟೆಗಾರ ಎಂದು ಕೊರೆದಳು, ಯಾರಿಗೂ ಮುಖವಿರಲಿಲ್ಲ. ಕತೆ ಮುಗಿಸಿ ಮಸಿ ಸವರಿ ಒರೆಸಿದಳು. ಮಸಿಯೆಲ್ಲ ಬಟ್ಟೆಗೆ ಬಂತು. ಗರಿ ಹಳದಿಯಾಗಿ, ಬರಿದಾಗಿ ಉಳಿಯಿತು.

ಆ ಸಂಜೆ ಮೂಡಲ ಬಾಗಿಲಲ್ಲಿ ಕತೆ ಇರಲಿಲ್ಲ. ಜನ ಯಾಕೆಂದು ಕೇಳದೆ ಎದ್ದು ಹೋದರು. ಒಬ್ಬರಾದರೂ ಗೊಣಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಅವಳ ಬಳಿ ಮೂರು ಸಂಗತಿಗಳು ಮಾತ್ರ ಉಳಿದಿದ್ದವು. ಒಂದು ಮಗು ಎಡಗಾಲಿಗೆ ಬಲಗಾಲಿನ ಕೆರ ಹಾಕಿಕೊಂಡು ಬಾತುಕೋಳಿಯಂತೆ ಅಂಗಳ ದಾಟುತ್ತಿತ್ತು. ಒಂದು ಮಗು ದವಡೆಯಲ್ಲಿ ಬೆಲ್ಲದ ಉಂಡೆ ಇಟ್ಟುಕೊಂಡು, ಕೆನ್ನೆ ಊದಿಸಿಕೊಂಡು, ಬಾಯಲ್ಲಿ ಏನೂ ಇಲ್ಲ ಎನ್ನುತ್ತಿತ್ತು. ಒಂದು ಮಗು ಹಾಸಿಗೆಯಲ್ಲಿ ಮಲಗಿ, ಅವಳ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು, "ಆಮೇಲೆ?" ಎಂದು ಕೇಳುತ್ತಿತ್ತು. ಮೂರರಲ್ಲೂ ಮಗುವಿಗೆ ಮುಖವಿರಲಿಲ್ಲ.

ಈ ಮೂರು ಯಾಕೆ ಉಳಿದವು ಎಂಬುದು ಅವಳಿಗೆ ಗೊತ್ತಿತ್ತು. ಕತೆ ಬರೆಯುವವರ ಕಣ್ಣು ಕೆಟ್ಟದ್ದು. ಅದು ಏನನ್ನೇ ನೋಡಿದರೂ, ಇದು ಮುಂದೆ ಬೇಕಾಗುತ್ತದೆ ಎಂದು ಒಂದಿಷ್ಟನ್ನು ಎತ್ತಿಡುತ್ತದೆ. ಮಗುವಿನ ಹಾಸಿಗೆಯ ಪಕ್ಕ ಕೂತಾಗಲೂ ಎತ್ತಿಟ್ಟಿತ್ತು. ಆಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಕತೆಗೆಂದು ಎತ್ತಿಟ್ಟದ್ದನ್ನು ಮಾತ್ರ ಮಂಜು ಮುಟ್ಟಿರಲಿಲ್ಲ.

ಜಕ್ಕಲೆ ಕಂಟವನ್ನೂ ಗರಿಗಳನ್ನೂ ಕಟ್ಟಿಕೊಂಡು ಬಾಚಕ್ಕನ ಬಾಗಿಲಿಗೆ ಬಂದಳು.

"ಒಂದು ಚೀಲ ಮಸಿ ಕೊಡು. ಕರಿಗಲ್ಲ ಬೆಟ್ಟಕ್ಕೆ ಹೋಗ್ತೀನಿ. ನನಗೊಂದು ಮಗು ಇತ್ತು. ಅದರ ಮುಖ ಬೇಕು."

"ಮುಖ ಸಿಕ್ಕರೆ ಅಳು ಬರುತ್ತೆ."

"ಬರಲಿ."

ಬಾಚಕ್ಕ ಮಸಿಯ ಚೀಲ ತಂದು ಅವಳ ಸೊಂಟಕ್ಕೆ ತಾನೇ ಕಟ್ಟಿದಳು. "ಅಲ್ಲಿ ಉಪ್ಪಿನ ವಿಷಯ ಬೈಯೋರು ಯಾರಾದರೂ ಕಂಡರೆ," ಎಂದಳು, "ನಾನು ಇಲ್ಲೇ ಇದ್ದೀನಿ ಅಂತ ಹೇಳು."

ಜಕ್ಕಲೆ ಮಂಜಿನೊಳಗೆ ನಡೆದಳು. ಬೆಟ್ಟದ ಬುಡದಲ್ಲಿ ದಾರಿಗೆ ಅಡ್ಡವಾಗಿ ಕಲ್ಲಿನ ಗೂಳಿಯೊಂದು ಮಲಗಿತ್ತು. ಅದರ ಕೊಂಬುಗಳ ನಡುವೆ ಜೇಡ ಬಲೆ ಕಟ್ಟಿತ್ತು.

"ಯಾರು ನೀನು?" ಎಂದಿತು ಗೂಳಿ.

"ಕತೆ ಬರೆಯುವವಳು."

"ಏನು ತಂದಿದ್ದೀಯ?"

ಜಕ್ಕಲೆ ಕೂತು ಒಂದು ಕತೆ ಕೊರೆದಳು. ಚಂದ್ರನಂಥ ಮುಖದ ರಾಜಕುಮಾರಿ, ಸಿಂಹದಂಥ ನಡುವಿನ ರಾಜಕುಮಾರ, ಮುತ್ತಿನ ಮಂಟಪ. ಮಸಿ ಸವರಿ ಒರೆಸಿದಳು. ಗರಿ ಬರಿದಾಗಿತ್ತು.

"ಹಳೇ ಹುಲ್ಲು" ಎಂದಿತು ಗೂಳಿ. "ಈ ದಾರಿಯಲ್ಲಿ ಬಂದ ಕವಿಗಳೆಲ್ಲ ಇದನ್ನೇ ಹಾಕಿದ್ದಾರೆ. ತಿಂದು ತಿಂದು ಕಲ್ಲಾಗಿದ್ದೇನೆ."

ಜಕ್ಕಲೆ ಇನ್ನೊಂದು ಗರಿ ಎತ್ತಿಕೊಂಡಳು. ಎಡಗಾಲಿಗೆ ಬಲಗಾಲಿನ ಕೆರ ಹಾಕಿಕೊಂಡು ಅಂಗಳ ದಾಟಿದ ಹುಡುಗಿಯನ್ನು ಬರೆದಳು. ಮಸಿ ಸವರಿ ಒರೆಸಿದಳು. ಅಕ್ಷರಗಳು ಕಪ್ಪಗೆ ಎದ್ದು ನಿಂತವು. ಗೂಳಿ ಓದಿತು. ಅದರ ಹೊಟ್ಟೆಯೊಳಗೆ ಏನೋ ಗುಡುಗಿತು, ಗೂಳಿ ನಗುತ್ತಿತ್ತು. ನಗುವಿಗೆ ಮೈಯ ಕಲ್ಲು ಬಿರಿದು, ಒಳಗಿಂದ ಬಿಳಿಯ ಗೂಳಿಯೊಂದು ಎದ್ದು, ಗರಿಯನ್ನು ಬಾಯಲ್ಲಿ ಕಚ್ಚಿಕೊಂಡು ದಾರಿ ಬಿಟ್ಟು ಊರಿನ ಕಡೆ ಹೋಯಿತು.

ನಾಲ್ಕು ಹೆಜ್ಜೆ ನಡೆದ ಮೇಲೆ ಜಕ್ಕಲೆ ಆ ಕೆರವನ್ನು ನೆನೆದಳು. ಒಂದು ಮಗು ಹಾಗೆ ನಡೆಯುತ್ತಿತ್ತು ಎಂಬುದು ಗೊತ್ತಿತ್ತು. ಆದರೆ ಕಾಣಲಿಲ್ಲ. ಅಂಗಳವೂ ಕಾಣಲಿಲ್ಲ. ಬರೆದದ್ದು ಗರಿಯ ಪಾಲಾಗಿತ್ತು.

ಅವಳು ನಿಂತಳು. ಹಿಂದಕ್ಕೆ ಹೋದರೆ ಎರಡಾದರೂ ಉಳಿಯುತ್ತವೆ. ಆದರೆ ಮುಖವಿಲ್ಲದ ಮಗುವನ್ನು ಎಷ್ಟು ದಿನ ನೋಡುವುದು? ಮುಂದಕ್ಕೆ ನಡೆದಳು.

ಬೆಟ್ಟದ ನಡುವೆ ಕಪ್ಪು ಕೊಳ. ಕೊಳದ ದಂಡೆಯಲ್ಲಿ ಬಂಡಿಯಷ್ಟು ದೊಡ್ಡ ಆಮೆ.

"ಯಾರು ನೀನು?" ಎಂದಿತು ಆಮೆ.

"ಕತೆ ಬರೆಯುವವಳು."

"ಏನು ತಂದಿದ್ದೀಯ? ಬೆನ್ನ ಮೇಲೆ ಕೂತು ಬರೆ. ಬರೆದದ್ದು ನಿಜವಾದರೆ ದಾಟಿಸುತ್ತೇನೆ."

ಜಕ್ಕಲೆ ಬೆನ್ನೇರಿದಳು, ಆಮೆ ನೀರಿಗಿಳಿಯಿತು. ಬೆಲ್ಲದ ಉಂಡೆಯ ನೆನಪನ್ನು ಅವಳು ಕೊಡಲಾರದೆ ಹೋದಳು. ಅದರ ಬದಲು ನೆರೆಮನೆಯ ಹುಡುಗನೊಬ್ಬ ತುಪ್ಪ ಕದ್ದದ್ದನ್ನು ಬರೆದಳು. ಅದು ಅವಳು ಯಾರ ಬಾಯಲ್ಲೋ ಕೇಳಿದ್ದು. ಮಸಿ ಸವರಿದಳು, ಒರೆಸಿದಳು. ಗರಿ ಬರಿದು. ಆಮೆ ಮುಳುಗತೊಡಗಿತು. ತಣ್ಣನೆಯ ನೀರು ಅವಳ ಮೊಣಕಾಲಿಗೆ ಬಂತು, ಎದೆಗೆ ಬಂತು. ಗರಿಗಳ ಕಟ್ಟನ್ನೂ ಮಸಿಯ ಚೀಲವನ್ನೂ ಅವಳು ತಲೆಯ ಮೇಲೆ ಎತ್ತಿ ಹಿಡಿದಳು.

"ನಿನ್ನ ಹತ್ತಿರ ಇನ್ನೊಂದಿದೆ" ಎಂದಿತು ಆಮೆ, ನೀರೊಳಗಿಂದ. "ಬಚ್ಚಿಟ್ಟುಕೊಂಡಿದ್ದೀಯ."

"ಅದು ನನ್ನದು."

"ನಿನ್ನದಾದ್ದರಿಂದಲೇ ಕೇಳಿದ್ದು."

ಜಕ್ಕಲೆ ತಲೆಯ ಮೇಲೆಯೇ ಗರಿ ಇಟ್ಟು, ಕಣ್ಣಿಗೆ ಕಾಣದೆ, ಬೆರಳಿಂದ ತಡವುತ್ತ, ದವಡೆಯಲ್ಲಿ ಬೆಲ್ಲ ಇಟ್ಟುಕೊಂಡು ಬಾಯಲ್ಲಿ ಏನೂ ಇಲ್ಲ ಎಂದ ಹುಡುಗಿಯನ್ನು ಬರೆದಳು. ಮಸಿ ಹಿಡಿಯಿತು. ಆಮೆ ಮೇಲೆದ್ದು, ಅವಳನ್ನು ಆಚೆ ದಡಕ್ಕೆ ಬಿಟ್ಟು, ಗರಿಯನ್ನು ಇಸಿದುಕೊಂಡಿತು.

"ಸಿಹಿಯಾಗಿದೆ" ಎಂದಿತು.

ಜಕ್ಕಲೆಗೆ ಬೆಲ್ಲವೂ ಹೋಯಿತು.

ಬೆಟ್ಟದ ನೆತ್ತಿಯ ಗವಿಯಲ್ಲಿ ಕಾವಳಿಗ ಕೂತಿದ್ದ. ಅವನ ಸುತ್ತ ಸಾಲುಸಾಲಾಗಿ ನೀರು ತುಂಬಿದ ಮಡಕೆಗಳು. ಒಂದೊಂದು ಮಡಕೆಯ ನೀರಿನಲ್ಲೂ ಒಂದೊಂದು ಮುಖ ತೇಲುತ್ತಿತ್ತು. ಕಾವಳಿಗನಿಗೆ ಮಾತ್ರ ಮುಖವಿರಲಿಲ್ಲ. ಮುಖ ಇರಬೇಕಾದಲ್ಲಿ ಮಂಜಿತ್ತು.

"ಯಾರು ನೀನು?"

"ಕತೆ ಬರೆಯುವವಳು. ನನ್ನ ಮಗುವಿನ ಮುಖ ಕೊಡು."

"ತೆಗೆದುಕೋ. ಯಾವುದು ಹೇಳು."

ಜಕ್ಕಲೆ ಮಡಕೆಗಳ ನಡುವೆ ನಡೆದಳು. ಮಕ್ಕಳ ಮುಖಗಳು ಎಷ್ಟೋ ಇದ್ದವು. ಪ್ರತಿಯೊಂದನ್ನೂ ಬಗ್ಗಿ ನೋಡಿದಳು. ಯಾವುದು ತನ್ನದೆಂದು ಗೊತ್ತಾಗಲಿಲ್ಲ. ತನ್ನ ಮಗಳನ್ನು ನೋಡಿಯೂ ದಾಟಿ ಬಂದಿರಬಹುದು ಎನ್ನಿಸಿದಾಗ ಅವಳು ಮಾಂತ್ರಿಕನ ಎದುರು ಕೂತುಬಿಟ್ಟಳು.

"ನೋಡಿದೆಯಾ? ಕದ್ದೆ ಅಂತ ನನ್ನನ್ನು ಬೈಯುತ್ತೀರಿ. ಬಾಗಿಲು ತೆರೆದರೂ ನಿಮ್ಮವರನ್ನು ಗುರುತಿಸಲಾರಿರಿ. ಈಗ ಹೇಳು, ಏನು ತಂದಿದ್ದೀಯ? ನನಗೆ ಹಸಿವಾಗಿದೆ. ನಿನ್ನಲ್ಲಿ ಇನ್ನೊಂದು ನೆನಪು ಉಳಿದಿದೆ. ಅದರ ವಾಸನೆ ಬರುತ್ತಿದೆ."

ಜಕ್ಕಲೆ ತಲೆ ತಗ್ಗಿಸಿದಳು. ಆಗ ಅವಳ ಕಣ್ಣು ಅವನ ಕೈಗಳ ಮೇಲೆ ಬಿತ್ತು. ಕಾವಳಿಗ ತನ್ನ ಎಡಗೈಯ ಹೆಬ್ಬೆರಳನ್ನು ಬಲಗೈಯ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದ. ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಅವಳೂ ಹಾಗೆಯೇ ಕೂತಿದ್ದಳು.

"ನಿನ್ನವರು ಯಾರು ತೀರಿಕೊಂಡರು?" ಎಂದಳು.

"ನನಗೆ ಯಾರೂ ಇರಲಿಲ್ಲ."

"ಮೊದಲು ತೆಗೆದದ್ದು ಯಾರ ಮುಖ?"

ಮಂಜು ಅಲುಗಿತು. "ನೆನಪಿಲ್ಲ. ಹಸಿವು ಅವತ್ತಿನಿಂದ ಇದೆ."

ಜಕ್ಕಲೆ ಕೊನೆಯ ಗರಿಗಳನ್ನು ಬಿಚ್ಚಿದಳು. ಅವನ ಕತೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಕತೆ ಬರೆಯಲು ಅವಳಿಗೆ ಗೊತ್ತಿದ್ದ ದಾರಿ ಒಂದೇ, ತನ್ನದನ್ನು ಅವರಿಗೆ ಕೊಡುವುದು. ಅವಳು ಕೊರೆಯತೊಡಗಿದಳು. ಕಾವಳಿಗ ಬಗ್ಗಿ ನೋಡಿದ. ಹಳದಿ ಗರಿಯ ಮೇಲೆ ಏನೂ ಕಾಣಲಿಲ್ಲ.

"ಬರೀ ಗೀರು. ಏನು ಬರೆಯುತ್ತಿದ್ದೀಯ?"

"ತಾಳು."

"ಎಲ್ಲಿ, ಮಸಿ ಸವರು. ನೋಡೋಣ."

"ಕತೆ ಮುಗಿಯದೆ ನಾನು ಮಸಿ ಮುಟ್ಟುವುದಿಲ್ಲ."

ಕಂಡಿದ್ದರೆ ಅವನು ಒಂದೊಂದೇ ಸಾಲನ್ನು ಆಗಲೇ ತಿಂದುಬಿಡುತ್ತಿದ್ದ. ಕಾಣದ್ದನ್ನು ತಿನ್ನಲು ಅವನಿಗೆ ಬರುತ್ತಿರಲಿಲ್ಲ.

ಅಣ್ಣ ತಮ್ಮ ಇಬ್ಬರೇ ಇದ್ದರು ಎಂದು ಅವಳು ಬರೆದಳು. ತಮ್ಮನಿಗೆ ಜ್ವರ ಬಂತು. ಅಣ್ಣ ಪಕ್ಕದಲ್ಲಿ ಕೂತು ಕತೆ ಹೇಳಿದ. ತಮ್ಮ ಅಣ್ಣನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಆಮೇಲೆ? ಎಂದು ಕೇಳಿದ. ಅಣ್ಣ ಹೇಳಿದ. ಆಮೇಲೆ? ಎಂದು ಕೇಳಿದ. ಅಣ್ಣ ಹೇಳಿದ.

ಇಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಇನ್ನೊಂದು ಸಾಲು ಬರೆದರೆ ಅದು ಹೋಗುತ್ತದೆ. ಅವಳ ಹೆಬ್ಬೆರಳು ಬರೀ ಹೆಬ್ಬೆರಳಾಗುತ್ತದೆ. ಕಣ್ಣು ಮುಚ್ಚಿ, ಆ ಬಿಸಿ ಮುಷ್ಟಿಯನ್ನು ಒಂದು ಸಲ ಪೂರ್ತಿಯಾಗಿ ನೆನೆದಳು. ಆಮೇಲೆ ಬರೆದಳು. ತಮ್ಮ ಮತ್ತೆ, ಆಮೇಲೆ? ಎಂದ. ಅಣ್ಣನಿಗೆ ಮುಂದಿನದು ಹೊಳೆಯಲಿಲ್ಲ. ಅವನು ಯೋಚಿಸುತ್ತಿದ್ದ ಹಾಗೆಯೇ ಹೆಬ್ಬೆರಳ ಮೇಲಿನ ಹಿಡಿ ಸಡಿಲವಾಯಿತು.

ಕತೆ ಅಷ್ಟೇ. ಜಕ್ಕಲೆ ಮಸಿ ಸವರಿ ಒರೆಸಿ, ಗರಿಗಳನ್ನು ಅವನ ಕೈಗೆ ಕೊಟ್ಟಳು.

ಕಾವಳಿಗ ಓದಿದ. ಓದುತ್ತ ಅವನ ಬಲಗೈ ತಾನಾಗಿ ಎಡಗೈಯ ಹೆಬ್ಬೆರಳನ್ನು ಬಿಟ್ಟಿತು.

"ಬೀರ" ಎಂದ. "ನನ್ನ ತಮ್ಮ. ಬೀರ ಅಂತ."

ಅವನು ಅತ್ತ. ಅಳುವಿಗೆ ಮುಖದ ಮಂಜು ಕರಗಿತು. ಮಾಂತ್ರಿಕನ ಜಾಗದಲ್ಲಿ ಸುಕ್ಕುಗಟ್ಟಿದ ಮುದುಕನೊಬ್ಬ ಕೂತಿದ್ದ. ಗವಿಯಲ್ಲಿ ಮಡಕೆಗಳು ಒಂದೊಂದಾಗಿ ಒಡೆದವು. ಮುಖಗಳು ಕೊಕ್ಕರೆಗಳ ಹಿಂಡಿನಂತೆ ಎದ್ದು, ಮಂಜನ್ನು ಸೀಳಿಕೊಂಡು, ಕುಂದಾವತಿಯ ಕಡೆ ಹಾರಿದವು. ಅವುಗಳಲ್ಲಿ ಒಂದು ಮಾತ್ರ ತಿರುಗಿ ಬಂದು ಜಕ್ಕಲೆಯ ಎದುರು ನಿಂತಿತು. ಹುಬ್ಬಿನ ಮೇಲೆ ಬಿದ್ದ ಗಾಯದ ಗುರುತು. ಒಂದು ಕಿವಿ ಇನ್ನೊಂದಕ್ಕಿಂತ ತುಸು ಮುಂದೆ.

"ಹೊನ್ನಲೆ" ಎಂದಳು ತಾಯಿ.

ಅವಳು ಊರಿಗೆ ಮರಳಿದಾಗ ಮನೆಮನೆಯಲ್ಲೂ ಅಳು ಕೇಳುತ್ತಿತ್ತು. ಅರಸ ಗುಣಧರ ಬರಿಗಾಲಲ್ಲಿ ಬೀದಿಗೆ ಬಂದು, ಸಿಕ್ಕಸಿಕ್ಕವರಿಗೆಲ್ಲ ರಾಣಿಯ ಹೆಸರು ಹೇಳುತ್ತಿದ್ದ. ಬಾಚಕ್ಕ ಜಗಲಿಯ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ನನ್ನ ಗಂಡ ಕಣೇ. ಮೂಗು ಎಷ್ಟು ಸೊಟ್ಟ ಅಂತೀಯ, ಮರೆತೇ ಹೋಗಿತ್ತು. ಉಪ್ಪು ಉಪ್ಪು ಅಂತ ಸಾಯೋವರೆಗೂ ತಲೆ ತಿಂದ." ಅವಳು ಜಕ್ಕಲೆಯನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೆ ಸಿಕ್ಕಳಾ?"

"ಮುಖ ಸಿಕ್ಕಿತು" ಎಂದಳು ಜಕ್ಕಲೆ.

ಮಂಜು ಹೋಯಿತು, ಮಾಯೆ ಹೋಯಿತು. ಕುಂದಾವತಿಯ ಜನ ಅಂದಿನಿಂದ ಸುಖವಾಗಿದ್ದರು. ಸುಖ ಎಂದರೆ, ಅಳು ಬಂದಾಗ ಯಾರಿಗಾಗಿ ಅಳುತ್ತಿದ್ದೇವೆಂದು ಅವರಿಗೆ ಗೊತ್ತಿರುತ್ತಿತ್ತು.

ಬಿಳಿಯ ಗೂಳಿ ಒಂದು ಗರಿ ತಂದಿತು, ಆಮೆ ಒಂದು ಗರಿ ತಂದಿತು, ಮುದುಕ ಉಳಿದವನ್ನು ತಂದ. ಮೂಡಲ ಬಾಗಿಲಲ್ಲಿ ಜಕ್ಕಲೆ ಅವನ್ನೆಲ್ಲ ಓದಿದಳು. ಕೆರದ ಮಾತಿಗೆ ಜನ ನಕ್ಕರು. ಬೆಲ್ಲದ ಮಾತಿಗೆ ಇನ್ನೂ ನಕ್ಕರು. ಓದುತ್ತಿದ್ದವಳಿಗೆ ಅವೆಲ್ಲ ಬೇರೆ ಯಾರದೋ ಮಗುವಿನ ಸಂಗತಿಗಳಂತೆ ಕೇಳಿಸಿದವು. ಅವಳೂ ಅವರ ಜೊತೆ, ಅವರಷ್ಟೇ, ನಕ್ಕಳು.

ಕೊನೆಯ ಗರಿ ಮುಗಿಯಿತು. ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ತನ್ನ ತಾಯಿಯ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಜಕ್ಕಲೆಯ ಕಡೆ ನೋಡಿದಳು.

"ಆಮೇಲೆ?" ಎಂದಳು.

ಜಕ್ಕಲೆ ಆ ಮುಷ್ಟಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಒಂದು ಬರಿ ಗರಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಇರು," ಎಂದಳು, "ಹೇಳ್ತೀನಿ."